ಅರೆಹೊಟ್ಟೆಯ ಮನೆಗೆ ಬೊಜ್ಜು ಹೇಗೆ ಬಂತು?

ಕೊಡಗಿನ ಕಾಫಿ ತೋಟದ ಕೂಲಿಕಾರರ ಲೈನ್ ಮನೆಗಳಿಗೆ ದುಡ್ಡು ಒಂದೇ ಸಮನೆ ಬರುವುದಿಲ್ಲ. ಡಿಸೆಂಬರ್ ಹೊತ್ತಿಗೆ ಹಣ್ಣು ಕೊಯ್ಲು ಶುರುವಾದರೆ ಮನೆಮಂದಿಗೆಲ್ಲ ಕೈತುಂಬ ಕೆಲಸ. ಜುಲೈ–ಆಗಸ್ಟಿನ ಕಕ್ಕಡ ಮಾಸದ ಮಳೆ ಹಿಡಿದರೆ ಎಷ್ಟೋ ದಿನ ಕೂಲಿಯೇ ಇಲ್ಲ. ಬಟವಾಡೆಯಾದ ದಿನ ಸಂತೆಯಿಂದ ಮೀನು, ಕೋಳಿ ಬರುತ್ತದೆ. ನಾಲ್ಕು ದಿನ ಕಳೆದರೆ ಮತ್ತೆ ರೇಷನ್ ಅಕ್ಕಿಯ ಅನ್ನ, ತಿಳಿಸಾರು, ಸಿಹಿ ಕಾಪಿ. ಇಂಥ ಮನೆಯ ಹೆಂಗಸು ದಪ್ಪಗಿದ್ದರೆ ‘ಊಟಕ್ಕಿಲ್ಲ ಅಂತಾರೆ, ಮೈ ನೋಡಿ’ ಎನ್ನುವವರಿದ್ದಾರೆ. ಆ ಮಾತು ಕ್ರೂರ, ಮತ್ತು ತಪ್ಪು.

ನಮ್ಮ ದೇಶದಲ್ಲಿ ಬೊಜ್ಜು ಇಂದಿಗೂ ಉಳ್ಳವರಲ್ಲೇ ಹೆಚ್ಚು, ನಿಜ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 24ರಷ್ಟು ಹೆಂಗಸರ ತೂಕ ಇರಬೇಕಾದ್ದಕ್ಕಿಂತ ಹೆಚ್ಚಿತ್ತು, ಶೇ. 57ರಷ್ಟು ಹೆಂಗಸರಿಗೆ ರಕ್ತಹೀನತೆಯಿತ್ತು. ಎರಡೂ ಒಂದೇ ಮೈಯಲ್ಲಿ ಇರಬಹುದು.

1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಯುವಕರನ್ನು, ಅವರ ಒಪ್ಪಿಗೆಯಿಂದಲೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟರು. ತೂಕ ಕಾಲುಭಾಗ ಇಳಿಯಿತು. ಆಮೇಲೆ ಬೇಕಾದಷ್ಟು ಬಡಿಸಿದಾಗ ಹೊಟ್ಟೆ ಬಿರಿಯುವಂತೆ ಉಂಡರೂ ಹಸಿವು ಅಡಗಲಿಲ್ಲ. ಕರಗಿದ ಸ್ನಾಯು ಪೂರ್ತಿ ಮರಳುವ ಮೊದಲೇ ಕೊಬ್ಬು ಹಿಂದಿನ ಮಟ್ಟವನ್ನು ದಾಟಿತ್ತು. ಇದರ ಗುಟ್ಟಿನ ಒಂದು ಎಳೆ ಸಿಕ್ಕಿದ್ದು 1994ರಲ್ಲಿ. ಕೊಬ್ಬಿನ ಕೋಶಗಳೇ ಲೆಪ್ಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಕೊಬ್ಬು ಕರಗಿದರೆ ಆ ಹಾರ್ಮೋನು ಕುಗ್ಗುತ್ತದೆ. ಮೆದುಳಿನ ಹೈಪೊಥಲಾಮಸ್ ಬರಗಾಲ ಬಂತೆಂದೇ ತಿಳಿದು ಹಸಿವನ್ನು ಏರಿಸುತ್ತದೆ, ಮೈಯ ಖರ್ಚನ್ನು ಇಳಿಸುತ್ತದೆ. ಇದರೆದುರು ಮನೋಬಲ ಎಷ್ಟು ದಿನ ನಿಂತೀತು?

ಪೂರ್ತಿ ಉಪವಾಸವೇ ಬೇಕೆಂದಿಲ್ಲ, ಊಟದ ಖಾತ್ರಿ ತಪ್ಪಿದರೂ ಸಾಕು. ನಮ್ಮ ಗೊರವಂಕದ ನೆಂಟನಾದ ಸ್ಟಾರ್ಲಿಂಗ್ ಹಕ್ಕಿಗೆ ಆಹಾರ ಯಾವಾಗ ಸಿಗುತ್ತದೋ ತಿಳಿಯದಂತೆ ಮಾಡಿ ನೋಡಿದ್ದಾರೆ. ಹೆಚ್ಚು ತಿನ್ನದೆಯೂ ಅದರ ತೂಕ ಏರಿತು. ಶ್ರೀಮಂತ ದೇಶಗಳಲ್ಲೂ ನಾಳಿನ ಊಟದ ಭರವಸೆಯಿಲ್ಲದ ಹೆಂಗಸರಲ್ಲಿ ಬೊಜ್ಜು ಹೆಚ್ಚೆಂದು ಅನೇಕ ಅಧ್ಯಯನಗಳು ತೋರಿಸಿವೆ. ಬಡತನದಲ್ಲಿ ಕೊರತೆಯಷ್ಟೇ ಪೆಟ್ಟು ಕೊಡುವುದು ಈ ಅನಿಶ್ಚಿತತೆ ಎಂದು ನಾನು ನಂಬುತ್ತೇನೆ.

ಕೈಯಲ್ಲಿ ಕಾಸಿದ್ದ ದಿನ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದೇನು? ಹತ್ತು ರೂಪಾಯಿಯ ಚಿಪ್ಸ್, ಬಿಸ್ಕತ್ತು, ಬೇಕರಿ ಬನ್ನು. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ 20 ಮಂದಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟು, ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಸಿದ್ಧ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು.

ಕೊಡಗಿನ ಬಡವರ ಮಳೆಗಾಲದ ಊಟ ಹಿಂದೆ ಬೇರೆ ಇತ್ತು. ಎಳೆಬಿದಿರಿನ ಕಣಿಲೆ, ಅಣಬೆ, ಕೆಸದ ಸೊಪ್ಪು, ಗದ್ದೆಯ ಏಡಿ, ತೋಡಿನ ಸಣ್ಣ ಮೀನು: ಕಾಸಿಲ್ಲದೆ ಸಿಗುತ್ತಿದ್ದ ಪ್ರೋಟೀನು, ನಾರು. ಗದ್ದೆಗಳು ಪಾಳುಬಿದ್ದಂತೆ, ಇಲ್ಲಿನ ಬುಡಕಟ್ಟಿನವರಾದ ಯರವರಿಗೂ ಜೇನುಕುರುಬರಿಗೂ ಕಾಡಿನ ದಾರಿ ಮುಚ್ಚಿದಂತೆ ಇವೂ ಕಡಿಮೆಯಾದವು. ರೇಷನ್ ಅಕ್ಕಿ ಹಸಿವೆಯಿಂದ ಕಾಪಾಡಿತು, ಅದು ದೊಡ್ಡ ಉಪಕಾರ. ಆದರೆ ಬೇಳೆ, ಮೊಟ್ಟೆಯ ಜಾಗವನ್ನು ಅಕ್ಕಿ ತುಂಬಲಾರದು.

ಆದ್ದರಿಂದ ‘ಬಾಯಿ ಕಟ್ಟಿ’ ಎಂದು ಹೇಳಿ ಕಳಿಸುವ ವೈದ್ಯರು ಮೊದಲು ಒಂದು ಪ್ರಶ್ನೆ ಕೇಳಲಿ: ಹೋದ ವಾರ ಎಷ್ಟು ದಿನ ಕೆಲಸ ಸಿಕ್ಕಿತ್ತಮ್ಮಾ?