ತಿಂಗಳಿಗೆ 6 ದಿನ: ಬಾನುಲಿ ಉದ್ಘೋಷಕರ ವ್ಯಾಜ್ಯ ಬೆಳೆದು ಬಂದ ಬಗೆ

ಮಡಿಕೇರಿ ಆಕಾಶವಾಣಿಯ 103.1 ಎಫ್‌ಎಂನಲ್ಲಿ ವರ್ಷಗಟ್ಟಲೆ ಕೇಳಿ ಮನೆಮಂದಿಯದೇ ಎನಿಸಿಬಿಟ್ಟಿರುವ ದನಿಗಳಲ್ಲಿ ಹಲವು ನಿಲಯದ ನೌಕರರದ್ದಲ್ಲ ಎಂಬುದು ಕೊಡಗಿನ ಎಷ್ಟೋ ಕೇಳುಗರಿಗೆ ತಿಳಿದಿಲ್ಲ. ಅವರು ಹಂಗಾಮಿ ಉದ್ಘೋಷಕರು. ಬಾನುಲಿಯವರ ಬಾಯಲ್ಲಿ ‘ಕ್ಯಾಶುವಲ್’. ದೇಶದ ಉದ್ದಗಲಕ್ಕೂ ಹರಡಿರುವ ಈ ವರ್ಗವನ್ನು ಕಾಯಂಗೊಳಿಸಬೇಕೆ ಎಂಬ ವಿವಾದ ನ್ಯಾಯಮಂಡಳಿ, ನ್ಯಾಯಾಲಯ, ದೆಹಲಿಯ ಧರಣಿಗಳ ನಡುವೆ 3 ದಶಕಗಳಿಂದ ಸುತ್ತುತ್ತಿದೆ.

1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ ಆರಂಭಿಸಿದ ‘ಆಕಾಶವಾಣಿ’ಯ ಹೆಸರು 1957ರಲ್ಲಿ ಇಡೀ ದೇಶದ ಬಾನುಲಿಯ ಹೆಸರಾಯಿತು, 1976ರಲ್ಲಿ ದೂರದರ್ಶನ ಬೇರೆಯಾಯಿತು, ಇವೆರಡನ್ನೂ ಸ್ವಾಯತ್ತ ನಿಗಮದಡಿ ತರಲು 1990ರಲ್ಲಿ ರೂಪುಗೊಂಡ ಪ್ರಸಾರ ಭಾರತಿ ಕಾಯ್ದೆ 1997ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಸರ್ಕಾರಿ ಇಲಾಖೆಯೊಂದು ನಿಗಮವಾಗಿ ಬದಲಾದಾಗ ಕಾಯಂ ಸಿಬ್ಬಂದಿ ಯಾರ ನೌಕರರು ಎಂಬ ಪ್ರಶ್ನೆಯೇ ದೊಡ್ಡದಾಗಿ, ಹಂಗಾಮಿಯವರ ಪ್ರಶ್ನೆ ಅದರ ಹಿಂದೆ ಮರೆಯಾಯಿತು.

ವಿವಾದದ ತಿರುಳಿರುವುದು ಒಂದು ಸಂಖ್ಯೆಯಲ್ಲಿ. ಹಂಗಾಮಿ ಉದ್ಘೋಷಕರಿಗೆ ತಿಂಗಳಿಗೆ ಹೆಚ್ಚೆಂದರೆ 6 ಬುಕಿಂಗ್ (ಒಂದು ಬುಕಿಂಗ್ ಎಂದರೆ ಒಂದು ದಿನದ ಕೆಲಸ), ಅಂದರೆ ವರ್ಷಕ್ಕೆ 72 ದಿನ. ಕಾರ್ಮಿಕ ಕಾನೂನಿನ ಪ್ರಕಾರ ಒಂದು ವರ್ಷದ ನಿರಂತರ ಸೇವೆ ಎನಿಸಿಕೊಳ್ಳಲು 240 ದಿನಗಳ ದುಡಿಮೆ ಬೇಕು. 20 ವರ್ಷ ಮೈಕಿನ ಮುಂದೆ ಕುಳಿತವರೂ ಈ ಲೆಕ್ಕದಲ್ಲಿ ಒಂದು ವರ್ಷವನ್ನೂ ಪೂರೈಸುವುದಿಲ್ಲ. ಜೊತೆಗೆ, ಪ್ರತಿ ಬುಕಿಂಗಿನ ಒಪ್ಪಂದ ಅವರನ್ನು ಕಲಾವಿದರೆಂದು ಪರಿಗಣಿಸುತ್ತದೆ. ಸಿಗುವುದು ವೇತನವಲ್ಲ, ಸಂಭಾವನೆ. ಒಬ್ಬರನ್ನೇ ಹೆಚ್ಚು ದಿನ ಕರೆಯದೆ ಹಲವರಿಗೆ ಅವಕಾಶ ಕೊಡುವುದಕ್ಕಾಗಿ ಈ ಮಿತಿ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಕೆಲಸದ ಸ್ವರೂಪವನ್ನು ಹತ್ತಿರದಿಂದ ನೋಡಿದವರಿಗೆ ಅದು ಸಾಲದೆನಿಸುತ್ತದೆ.

ಆಟಿ ತಿಂಗಳ ಮಳೆಯಲ್ಲಿ ಬೆಳಗಿನ ಪಾಳಿಗೆ ಬರುವ ಉದ್ಘೋಷಕಿಯೊಬ್ಬರನ್ನು ನೆನೆಯೋಣ. ಇನ್ನೂ ಕತ್ತಲಿರುವಾಗಲೇ ಅವರು ನಿಲಯ ತಲುಪಿ, ಕೊಡೆ ಮಡಚಿಟ್ಟು, ಕ್ಯೂಶೀಟು, ಅಂದರೆ ದಿನದ ಕಾರ್ಯಕ್ರಮಗಳ ಪಟ್ಟಿ ನೋಡಿ, ಅಂದಿನ ಧ್ವನಿಮುದ್ರಿಕೆಗಳನ್ನು ಸರದಿಯಲ್ಲಿ ಜೋಡಿಸಿಕೊಳ್ಳಬೇಕು. ಧ್ವನಿ ಏರಿಳಿಸುವ ಫೇಡರ್ ಏರಿಸಿ ನಿಲಯದ ಹೆಸರು ಹೇಳಿದ ಕ್ಷಣದಿಂದ ಪಾಳಿ ಮುಗಿಯುವವರೆಗೆ ಪ್ರಸಾರದ ಹೊಣೆ ಅವರದ್ದೇ. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕನ್ನಡದ ಜೊತೆ ಕೊಡವ ತಕ್ಕ್ ಮತ್ತು ಅರೆಭಾಷೆಯಲ್ಲೂ ಪ್ರಸಾರ ಮಾಡುವ ನಿಲಯವಿದು. ವರ್ಗಾವಣೆಯಾಗಿ ಹೊರಗಿನಿಂದ ಬಂದವರು ಎಷ್ಟೇ ಸಮರ್ಥರಾದರೂ ಈ ನುಡಿಗಳ ಒಕ್ಕಣೆ ಕೆಲವು ತಿಂಗಳಲ್ಲಿ ನಾಲಗೆಗೆ ಒಗ್ಗುವಂಥದ್ದಲ್ಲ. ಆ ಅರಿವಿರುವುದು ಈ ನೆಲದವರಲ್ಲಿ. ಅವರಿಗೆ ಸಲ್ಲುವುದು ತಿಂಗಳಿಗೆ 6 ದಿನ.

ಹಂಗಾಮಿ ಕಲಾವಿದರಿಗೆ ದಾರಿಯೇ ಇರಲಿಲ್ಲ ಎನ್ನುವಂತಿಲ್ಲ. ನ್ಯಾಯಮಂಡಳಿಯ ಆದೇಶಗಳ ಬೆನ್ನಿಗೆ 1992ರಲ್ಲಿ ಕಾಯಂಗೊಳಿಸುವ ಯೋಜನೆ ಬಂದು ಹಲವರಿಗೆ ನೆಲೆ ಸಿಕ್ಕಿತು. ಆದರೆ ಅದು 1991ರ ಡಿಸೆಂಬರ್ 31ರೊಳಗೆ ಕೆಲಸಕ್ಕೆ ಬಂದವರಿಗಷ್ಟೇ ಅನ್ವಯಿಸಿತು. ಮಡಿಕೇರಿ ನಿಲಯ ಪ್ರಸಾರ ಆರಂಭಿಸಿದ್ದೇ 1993ರಲ್ಲಿ. ಇಲ್ಲಿಯ ಮೊದಲ ಉದ್ಘೋಷಣೆಗೆ ಮುನ್ನವೇ ಇಲ್ಲಿಯವರ ಪಾಲಿನ ಬಾಗಿಲು ಮುಚ್ಚಿತ್ತು.

ಮುಂದಿನ ತಿರುವು ಕರ್ನಾಟಕದಿಂದಲೇ ಹೋದ ಪ್ರಕರಣದ್ದು. ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ನಿಯಮಾನುಸಾರ ನೇಮಕವಾಗದವರಿಗೆ ಕಾಯಮಾತಿಯ ಹಕ್ಕಿಲ್ಲವೆಂದಿತು. ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ 10 ವರ್ಷ ದುಡಿದವರಿಗೆ ಮಾತ್ರ ಒಂದು ಬಾರಿಯ ವಿನಾಯಿತಿ ನೀಡಿತು. ಹಿಂಬಾಗಿಲ ನೇಮಕಾತಿ ತಡೆಯಲು ಬಂದ ಈ ತೀರ್ಪು, ಆಯ್ಕೆ ಪರೀಕ್ಷೆ ಮತ್ತು ಧ್ವನಿಪರೀಕ್ಷೆ ದಾಟಿ ಮುಂಬಾಗಿಲಿನಿಂದಲೇ ಬಂದ ಉದ್ಘೋಷಕರಿಗೂ ಎದುರಾಯಿತು.

ಇತ್ತ ಕಾಯಂ ಸಿಬ್ಬಂದಿ ಪ್ರಸಾರ ಭಾರತಿ ಕಾಯ್ದೆಯನ್ನೇ ಹಿಂತೆಗೆದುಕೊಳ್ಳಬೇಕೆಂದು 2010ರ ನವೆಂಬರ್‌ನಲ್ಲಿ 48 ಗಂಟೆಗಳ ಮುಷ್ಕರ ಹೂಡಿದರು. 2012ರ ತಿದ್ದುಪಡಿಯು 2007ರ ಅಕ್ಟೋಬರ್ 5ರವರೆಗೆ ನೇಮಕಗೊಂಡವರ ಸರ್ಕಾರಿ ಸ್ಥಾನಮಾನವನ್ನು ಭದ್ರಪಡಿಸಿ ಅವರ ವಿವಾದವನ್ನು ಬಹುಮಟ್ಟಿಗೆ ಬಗೆಹರಿಸಿತು. 1990ರ ಕಾಯ್ದೆಯಲ್ಲೇ ಹೇಳಿದ್ದ ನೇಮಕಾತಿ ಮಂಡಳಿ ರಚನೆಯಾಗಿದ್ದು 2020ರಲ್ಲಿ. ಈ 30 ವರ್ಷಗಳ ಅಂತರದಲ್ಲಿ ನಿವೃತ್ತರಾದವರ ಕುರ್ಚಿಗಳಲ್ಲಿ ಕುಳಿತು ಪ್ರಸಾರ ನಿಲ್ಲದಂತೆ ನೋಡಿಕೊಂಡವರಲ್ಲಿ ಹಂಗಾಮಿಯವರೂ ಇದ್ದರು ಎಂಬುದನ್ನು ಇಡೀ ಚರ್ಚೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಿದ್ದಿಲ್ಲ.

2024ರ ಡಿಸೆಂಬರ್‌ನಲ್ಲಿ ಜಗ್ಗೊ ಪ್ರಕರಣದ ತೀರ್ಪು ಬಂತು. ಕೇಂದ್ರ ಜಲ ಆಯೋಗದ ಕೆಲಸಗಾರರಿಗೆ ಸಂಬಂಧಿಸಿದ ಅದರಲ್ಲಿ, ನಿರಂತರ ಅಗತ್ಯವಿರುವ ಕೆಲಸಕ್ಕೆ ದೀರ್ಘಕಾಲ ತಾತ್ಕಾಲಿಕ ಹೆಸರಿನಲ್ಲಿ ದುಡಿಸಿಕೊಂಡು, ಉಮಾದೇವಿ ತೀರ್ಪನ್ನು ಅವರ ವಿರುದ್ಧವೇ ಅಸ್ತ್ರವಾಗಿಸುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ನೆರವು ಪಡೆಯಬೇಕಾದರೆ ಉದ್ಘೋಷಕರು ತಮ್ಮ ದುಡಿಮೆಗೆ ದಾಖಲೆ ಒದಗಿಸಬೇಕು. ಕೊಡಗಿನ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ಬೇಗ. ಹಾಗಾಗಿ ಹಳೆಯ ಬುಕಿಂಗ್ ಪತ್ರಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬೀರುವಿನ ಮೇಲಿನ ಅರೆಯಲ್ಲಿ ಜೋಪಾನ ಮಾಡಿಟ್ಟವರಿದ್ದಾರೆ.