ಸಿಗಂದೂರು ಲಾಂಚ್: ನಮಗೆ ಮಜಾ, ಆಚೆ ದಡದವರಿಗೆ ದಾರಿ

ಕಾಫಿ ಕೊಯ್ಲು ಮುಗಿದ ಮೇಲೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಕೊಲ್ಲೂರು, ಸಿಗಂದೂರು ಸುತ್ತಿ ಬರುವವರು ನಮ್ಮ ಕೊಡಗಿನ ಗೋಣಿಕೊಪ್ಪ, ಸಿದ್ದಾಪುರ ಕಡೆ ಜಾಸ್ತಿ. ಈಗ ಹೊರಡುವವರೆಲ್ಲ ಕೇಳುವುದು ಒಂದೇ: ‘ಅಲ್ಲಿ ಸೇತುವೆ ಆಯ್ತಂತೆ, ಹೌದಾ?’ ಹೌದು, ಸಿಗಂದೂರಿಗೆ ಹೋಗಲು ವಾಹನ ಸಮೇತ ಲಾಂಚ್ ಹತ್ತಿ ದಾಟುತ್ತಿದ್ದ ಶರಾವತಿ ಹಿನ್ನೀರಿಗೆ ಸೇತುವೆ ಆಗಿದೆ, 2025ರ ಜುಲೈ 14ರಂದು ಉದ್ಘಾಟನೆಯೂ ಆಯಿತು.

ಆ ಹಿನ್ನೀರಿನ ಮೂಲ ಕರೆಂಟಿಗೆಂದು ಕಟ್ಟಿದ ಅಣೆಕಟ್ಟು. ಶರಾವತಿಗೆ ಮಡೇನೂರಿನಲ್ಲಿ ಮೊದಲೇ ಒಂದು ಅಣೆಕಟ್ಟು ಇತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಆ ಹಳೇ ಅಣೆಕಟ್ಟೇ ಮುಳುಗಿತು, ಇನ್ನು ಊರುಗಳ ಮಾತೇನು. ಉಳಿದ ತುಮರಿ, ಬ್ಯಾಕೋಡು ಕಡೆಯವರಿಗೆ ಸಾಗರದ ಪೇಟೆ ಹಿನ್ನೀರಿನ ಆಚೆಗೆ ಹೋಯಿತು. ದೋಣಿ ಬಂತು, ಆಮೇಲೆ ಲಾಂಚ್. ಹಾರಂಗಿ ಅಣೆಕಟ್ಟಿಗೆ ಜಮೀನು ಬಿಟ್ಟುಕೊಟ್ಟ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲಾಂಚ್ ಓಡುತ್ತಿದ್ದದ್ದು ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ. ದಡಕ್ಕೆ ತಾಗಿದ ಕೂಡಲೇ ಕಬ್ಬಿಣದ ಹಲಗೆ ದಡಾರಂತ ಕೆಳಗೆ ಬೀಳುತ್ತಿತ್ತು. ಸಿಬ್ಬಂದಿಯೊಬ್ಬರು ಬಾನೆಟ್ ತಟ್ಟಿ ‘ಬರ್ಲಿ, ಬರ್ಲಿ, ಇನ್ನೂ ಬರ್ಲಿ’ ಎನ್ನುತ್ತಾ ಕಾರಿಗೆ ಕಾರು ಒತ್ತಿ ನಿಲ್ಲಿಸುತ್ತಿದ್ದರು. ಬಾಗಿಲು ತೆಗೆಯಲೂ ಜಾಗ ಇರುತ್ತಿರಲಿಲ್ಲ. ಬೈಕು, ಅಕ್ಕಿ ಮೂಟೆ, ಶಾಲೆ ಮಕ್ಕಳು ಎಲ್ಲ ಉಳಿದ ಸಂದಿಯಲ್ಲಿ. ನಾವು ಫೋಟೊ ತೆಗೆಯುತ್ತಿದ್ದೆವು. ಆಚೆ ದಡದವರು ಗಡಿಯಾರ ನೋಡುತ್ತಿದ್ದರು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಹೊಳೆಯ ಈಚೆಯೇ ರಾತ್ರಿ, ಇಲ್ಲ ಕಾಡುದಾರಿಯಲ್ಲಿ ದೊಡ್ಡ ಸುತ್ತು. ಹೆರಿಗೆ ನೋವು ಗಡಿಯಾರ ನೋಡಿ ಬರುತ್ತದಾ?

ಬೇಸಿಗೆಯಲ್ಲಿ ಇನ್ನೊಂದು ಫಜೀತಿ. ನೀರು ಇಳಿದಂತೆ ದಡ ದೂರ ಸರಿಯುತ್ತಿತ್ತು. ತೀರಾ ಇಳಿದ ವರ್ಷ ವಾಹನ ಹತ್ತಿಸುವುದನ್ನೇ ನಿಲ್ಲಿಸಿ ಜನರನ್ನು ಮಾತ್ರ ದಾಟಿಸುತ್ತಿದ್ದರು. ನಮ್ಮ ಪ್ರವಾಸದ ಕಾಲವೂ ಅದೇ, ಅಲ್ವಾ? ನಾವು ಗೊಣಗಿಕೊಂಡು ವಾಪಸ್ ಬರುತ್ತಿದ್ದೆವು. ಅವರಿಗೆ ವಾಪಸ್ ಹೋಗಲು ಬೇರೆ ಊರಿರಲಿಲ್ಲ.

ಸೇತುವೆ ಬೇಕೆಂದು ಅಲ್ಲಿನವರು ಕೇಳುತ್ತಾ ಬಂದದ್ದು ದಶಕಗಳಿಂದ. ಶಂಕುಸ್ಥಾಪನೆ ಆದದ್ದು 2018ರಲ್ಲಿ, ಅಷ್ಟರಲ್ಲಿ ಸಿಗಂದೂರಿನ ಚೌಡೇಶ್ವರಿ ದರ್ಶನಕ್ಕೆ ಹೊರಗಿನ ಕಾರುಗಳು ಸಾಲುಗಟ್ಟಿದ್ದವು. ಎರಡೂ ಒಟ್ಟಿಗೆ ಬಂದದ್ದು ಸುಮ್ನೆ ಕಾಕತಾಳೀಯ ಇರಬಹುದು. ಖರ್ಚು ಸುಮಾರು 470 ಕೋಟಿ ರೂಪಾಯಿ, ಉದ್ದ ಎರಡು ಕಿಲೋಮೀಟರಿಗೂ ಜಾಸ್ತಿ. ಕಾರಿನಲ್ಲಿ ದಾಟಲು ಐದು ನಿಮಿಷವೂ ಬೇಡ. ಈ ಸಲ ಮಕ್ಕಳು ಲಾಂಚ್ ಎಲ್ಲಿ ಎಂದು ಹಟ ಹಿಡಿದರು. ಅದೇ ಹೊತ್ತಿಗೆ ಎದುರಿನಿಂದ ಒಂದು ಆಂಬುಲೆನ್ಸ್ ನಿಲ್ಲದೆ ಸಾಗರದ ಕಡೆ ಹೋಯಿತು.