ಸೋರುವ ಸ್ಟೀರಿಂಗ್ ರ‍್ಯಾಕ್: ಎಣ್ಣೆ ಸುರಿಯುವ ಮೊದಲು ಬೂಟ್ ನೋಡಿ

ಹಳೆಯ ಕಾರಿನ ಸ್ಟೀರಿಂಗ್ ತಿರುಗಿಸುವಾಗ ಗುಂಯ್ ಎಂದು ನರಳತೊಡಗಿದರೆ ಮುಂಬೈಯಲ್ಲಿ ನಮ್ಮವರು ಮೊದಲು ಕೈಗೆ ಸಿಕ್ಕ ಎಣ್ಣೆ ತಂದು ಸುರಿಯುತ್ತಾರೆ. ತಿಂಗಳೊಳಗೆ ಮತ್ತೆ ನರಳಿದರೆ ‘ಲೀಕ್ ಸ್ಟಾಪ್’ ಎಂಬ ಪುಟ್ಟ ಬಾಟಲಿ ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಗಾಡಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ತೀರ್ಮಾನವಾಗಿ, ಶನಿವಾರ ಸಿಗ್ನಲ್ಲಿನಲ್ಲಿ ಮಾರುವ ನಿಂಬೆಹಣ್ಣು-ಮೆಣಸಿನಕಾಯಿ ಬಂಪರಿಗೆ ನೇತು ಬೀಳುತ್ತದೆ. ಈ ಮೂರರಲ್ಲಿ ಗಾಡಿಗೆ ಕೇಡು ಮಾಡದ್ದು ನಿಂಬೆಹಣ್ಣೊಂದೇ. ಅದು ಪೈಪಿನೊಳಗೆ ಹೋಗುವುದಿಲ್ಲ.

ಪವರ್ ಸ್ಟೀರಿಂಗ್ ಎಣ್ಣೆ ಎಂಜಿನ್ ಆಯಿಲಿನ ಹಾಗೆ ಅಷ್ಟಿಷ್ಟು ಉರಿದು ಹೋಗುವಂಥದ್ದಲ್ಲ. ಪಂಪಿನಿಂದ ರ‍್ಯಾಕಿಗೆ, ಅಲ್ಲಿಂದ ಡಬ್ಬಿಗೆ, ಮತ್ತೆ ಪಂಪಿಗೆ ಸುತ್ತುತ್ತಲೇ ಇರುತ್ತದೆ. ರ‍್ಯಾಕ್ ಎಂದರೆ ಸ್ಟೀರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಒಯ್ಯುವ, ಸಿಲಿಂಡರಿನೊಳಗೆ ಎಡಬಲಕ್ಕೆ ಜಾರುವ ಹಲ್ಲಿನ ದಂಡದ ಜೋಡಣೆ. ಮಟ್ಟ ಇಳಿದಿದೆ ಎಂದರೆ ಎಲ್ಲೋ ಹೊರಬಿದ್ದಿದೆ, ಬೇರೆ ದಾರಿಯೇ ಇಲ್ಲ. “ಪಾರ್ಕಿಂಗಿನಲ್ಲಿ ನೆಲ ಒಣಗೇ ಇದೆಯಲ್ಲ” ಎಂದು ನಮ್ಮ ಸೊಸೈಟಿಯ ಶೆಟ್ಟರು ಬಹಳ ದಿನ ವಾದಿಸಿದರು. ಅವರ ಸೆಡಾನಿಗೆ ಇಪ್ಪತ್ತು ವರ್ಷ. ಕೊನೆಗೆ ಕುರ್ಲಾದ ಸಿ.ಎಸ್.ಟಿ. ರೋಡಿನ ಒಳಗಲ್ಲಿಯ ಗ್ಯಾರೇಜಿನಲ್ಲಿ ಗಾಡಿಯನ್ನು ಮೇಲೆತ್ತಿದಾಗ ನಾನೂ ಜೊತೆಗಿದ್ದೆ. ವಿಜಯಪುರದ ಕಡೆಯ ಮೇಸ್ತ್ರಿ ಎಡಬದಿಯ ಚಕ್ರದ ಹಿಂದೆ, ದಂಡದ ತುದಿಗೆ ಕೆಸರು ನೀರು ತಾಗದಂತೆ ಮುಚ್ಚುವ ಮಡಿಕೆ ಮಡಿಕೆಯ ರಬ್ಬರ್ ಬೂಟನ್ನು ಎರಡು ಬೆರಳಲ್ಲಿ ಹಿಂಡಿದ. ಒಳಗೆ ಏನೋ ತುಳುಕಿತು. ಕ್ಲಿಪ್ ಸಡಿಲಿಸಿ ಬೂಟಿನ ಅಂಚು ಎಳೆದದ್ದೇ ತಡ, ಕಪ್ಪಗಿನ ನೀರುನೀರು ಎಣ್ಣೆ ಟ್ರೇಗೆ ಸುರಿಯಿತು. ತಳದಲ್ಲಿ ಸಣ್ಣ ಮರಳು. “ಸಾಹೇಬ್ರ, ನಿಮ್ಮ ಎಣ್ಣಿ ಎಲ್ಲೂ ಹೋಗಿಲ್ರಿ, ಇಲ್ಲೇ ಐತ್ರಿ” ಎಂದ. ಬಲಬದಿಯ ಬೂಟಿನಲ್ಲೂ ಸ್ವಲ್ಪ ಪಸೆಯಿತ್ತು. ಅನೇಕ ರ‍್ಯಾಕ್‌ಗಳಲ್ಲಿ ಎರಡೂ ಬೂಟುಗಳ ನಡುವೆ ಗಾಳಿಯಾಡಲು ಒಂದು ಸಪೂರ ನಳಿಕೆ ಇರುತ್ತದೆ, ಎಣ್ಣೆ ಅದರಲ್ಲೂ ಹರಿದು ಆಚೆ ಬದಿಗೆ ಹೋಗುತ್ತದೆ. ಹಾಗಾಗಿ ಯಾವ ಬೂಟು ಒದ್ದೆಯೋ ಆ ಬದಿಯಲ್ಲಿ ಎಣ್ಣೆ ತಡೆಯುವ ಸೀಲೇ ಹೋಗಿದೆ ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ.

ಎಣ್ಣೆ ಎಲ್ಲಿದೆ ಎಂದು ತಿಳಿಯಿತು. ಅಲ್ಲಿಗೆ ಹೇಗೆ ಬಂತು ಎಂಬುದು ನನಗೆ ಹೆಚ್ಚು ಪ್ರಿಯವಾದ ಪ್ರಶ್ನೆ. “ಪ್ರೆಶರ್ ಜಾಸ್ತಿ, ರಬ್ಬರ್ ತಡೆಯಲಿಲ್ಲ” ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ, ಮತ್ತು ಅದು ಹೆಚ್ಚುಕಡಿಮೆ ತಲೆಕೆಳಗು.

ಒತ್ತಡವೇನೋ ಜಾಸ್ತಿಯೇ. ರ‍್ಯಾಕಿನೊಳಗಿನ ಪಿಸ್ಟನ್ನಿನ ವ್ಯಾಸ 40 ಮಿಲಿಮೀಟರ್, ಅದು ಕೂತಿರುವ ಉಕ್ಕಿನ ದಂಡದ್ದು 24 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ದಂಡದ ಪಾಲು ಕಳೆದರೆ ಎಣ್ಣೆ ಒತ್ತುವುದಕ್ಕೆ ಉಳಿಯುವುದು ಸುಮಾರು 8 ಚದರ ಸೆಂಟಿಮೀಟರ್ ಜಾಗ. ನಿಂತಲ್ಲೇ ಚಕ್ರ ತಿರುಗಿಸುವಾಗ ಎಣ್ಣೆಯ ಒತ್ತಡ 80 ಬಾರ್ ಮುಟ್ಟಿತೆಂದರೆ ಆ ಪುಟ್ಟ ಬಳೆಯಂಥ ಜಾಗದ ಮೇಲೆ ಬೀಳುವ ಬಲ ಹತ್ತಿರ ಹತ್ತಿರ 650 ಕಿಲೋ ತೂಕದಷ್ಟು. ಟೈರಿನಲ್ಲಿ ನಾವು ತುಂಬಿಸುವ ಗಾಳಿ 2 ಬಾರ್‌ಗಿಂತ ಚೂರು ಹೆಚ್ಚು, ಅಷ್ಟೆ. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದ ಪಾಸ್ಕಲ್ ಕೊಟ್ಟ ನಿಯಮ, ಮಾತುಂಗಾದ ಗಲ್ಲಿಯಲ್ಲಿ ಗಾಡಿ ಹಿಂದೆ ಮುಂದೆ ಮಾಡುವಾಗ ನಿಮ್ಮ ಎರಡು ಬೆರಳಿಗೆ ಈ ಶಕ್ತಿ ತುಂಬುತ್ತದೆ.

ಹೀಗಿರುವಾಗ ಜಾರುವ ದಂಡ ಸಿಲಿಂಡರಿನಿಂದ ಹೊರಬರುವ ಕಡೆ ಎಣ್ಣೆಯನ್ನು ತಡೆಯುವುದು ಹೇಗೆ? ಬಿಗಿಯಾಗಿ ಕಟ್ಟಿದರೆ ದಂಡ ಅಲ್ಲಾಡದು, ಸಡಿಲ ಬಿಟ್ಟರೆ ಎಣ್ಣೆ ನಿಲ್ಲದು. ಇದೇ ತಲೆನೋವು ಇಂಗ್ಲೆಂಡಿನ ಜೋಸೆಫ್ ಬ್ರಾಮಾನಿಗೂ ಇತ್ತು. ಬೀಗ ಮಾಡುವುದರಲ್ಲಿ ಹೆಸರಾದವನು, ಫ್ಲಶ್ ಶೌಚಾಲಯವನ್ನು ಸುಧಾರಿಸಿದವನು. 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ತತ್ವ ಸರಿಯಿತ್ತು, ಯಂತ್ರ ಸೋರುತ್ತಿತ್ತು. ಅದಕ್ಕೆ ಪರಿಹಾರ ಹುಡುಕಿದ್ದು ಅವನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹೆನ್ರಿ ಮಾಡ್ಸ್‌ಲೀ ಎಂದು ಎಂಜಿನಿಯರಿಂಗ್ ಇತಿಹಾಸ ಹೇಳುತ್ತದೆ: ಚರ್ಮದ ಒಂದು ಪಟ್ಟಿಯನ್ನು ಬಟ್ಟಲಿನಾಕಾರಕ್ಕೆ ಬಾಗಿಸಿ, ಬಾಯಿ ನೀರಿನ ಕಡೆಗಿರುವಂತೆ ಕೂರಿಸುವುದು. ನಮ್ಮ ಮಳೆಗಾಲದಲ್ಲಿ ಮರೀನ್ ಡ್ರೈವಿನ ಗಾಳಿಗೆ ಕೊಡೆಯ ಒಳಮೈ ಒಡ್ಡಿ ನೋಡಿದವರಿಗೆ ಇದು ಗೊತ್ತು; ಗಾಳಿ ಜೋರಾದಷ್ಟೂ ಬಟ್ಟೆ ಹೊರಕ್ಕೆ ಉಬ್ಬಿ ಬಿಗಿದುಕೊಳ್ಳುತ್ತದೆ. ಸೀಲಿನ ಬಾಯಿಗೆ ನುಗ್ಗಿದ ನೀರು ಅದರ ಒಂದು ತುಟಿಯನ್ನು ದಂಡಕ್ಕೆ, ಇನ್ನೊಂದನ್ನು ಗೋಡೆಗೆ ಅದುಮುತ್ತದೆ. ನುಗ್ಗಬಂದ ಶತ್ರುವೇ ಬಾಗಿಲು ಭದ್ರ ಮಾಡುತ್ತಾನೆ! ಇಷ್ಟು ಮಾಡಿಕೊಟ್ಟ ಮಾಡ್ಸ್‌ಲೀ ಸಂಬಳ ಏರಿಸಿ ಎಂದಾಗ ಬ್ರಾಮಾ ಒಪ್ಪಲಿಲ್ಲ. 1797ರಲ್ಲಿ ಅವನು ಹೊರಬಿದ್ದು ಸ್ವಂತ ಕಾರ್ಖಾನೆ ತೆರೆದ, ಬ್ರಾಮಾನಿಗಿಂತ ದೊಡ್ಡ ಹೆಸರು ಮಾಡಿದ. ಮಾಲೀಕರು ಓದಿಕೊಳ್ಳಲಿ.

ನಿಮ್ಮ ರ‍್ಯಾಕಿನ ಸೀಲ್ ಅದೇ ವಂಶದ್ದು. ಚರ್ಮದ ಬದಲು ರಬ್ಬರ್, ತುಟಿಯ ಬೆನ್ನಿಗೊಂದು ಸ್ಪ್ರಿಂಗ್. ಒತ್ತಡ ಹೆಚ್ಚಿದಷ್ಟೂ ಬಿಗಿಯುವುದು ಅದರ ಕೆಲಸ. ಅದು ಸೋಲುವುದು ಹೆಚ್ಚಾಗಿ ಒತ್ತಡ ಇಳಿದಾಗ: ಗಾಡಿ ನೇರ ಹೋಗುವಾಗ, ರಾತ್ರಿ ನಿಂತಿರುವಾಗ. ಆಗ ತುಟಿಯನ್ನು ದಂಡಕ್ಕೆ ಒತ್ತಿ ಹಿಡಿಯಲು ಎಣ್ಣೆಯ ನೆರವಿಲ್ಲ, ಸ್ಪ್ರಿಂಗಿನ ಅಲ್ಪ ಹಿಡಿತ ಬಿಟ್ಟರೆ ರಬ್ಬರು ತನ್ನ ಸ್ವಂತ ಪುಟಿತನದಿಂದಲೇ ಅಂಟಿಕೊಳ್ಳಬೇಕು. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದ ರಬ್ಬರಿಗೆ ಆ ಪುಟಿತನ ಉಳಿದಿರುವುದಿಲ್ಲ.

ಯಾಕೆ ಉಳಿದಿರುವುದಿಲ್ಲ? ಈ ಸೀಲುಗಳು ಸಾಮಾನ್ಯವಾಗಿ ನೈಟ್ರೈಲ್ ಎಂಬ ಕೃತಕ ರಬ್ಬರಿನವು. ಮರದ ಹಾಲಿನಿಂದ ಬರುವ ರಬ್ಬರನ್ನು ಪೆಟ್ರೋಲಿಯಂ ಎಣ್ಣೆಯಲ್ಲಿಟ್ಟರೆ ಊದಿ ಮೆತ್ತಗಾಗುತ್ತದೆ, ಏಕೆಂದರೆ ಎರಡರ ಅಣುಗಳೂ ಒಂದೇ ಸ್ವಭಾವದವು, ಒಂದರೊಳಗೊಂದು ಸೇರಿಕೊಳ್ಳುತ್ತವೆ. ನೈಟ್ರೈಲಿನಲ್ಲಿ ಎರಡು ಘಟಕಗಳಿವೆ. ಬ್ಯೂಟಡೈಯೀನ್ ಬಾಗುವ ಗುಣ ಕೊಡುತ್ತದೆ. ಅಕ್ರಿಲೋನೈಟ್ರೈಲ್ ವಿದ್ಯುದಂಶದ ಏರುಪೇರು ಇರುವ ಅಣು, ಎಣ್ಣೆಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಎರಡನೆಯದು ಹೆಚ್ಚಾದರೆ ಎಣ್ಣೆಗೆ ಜಗ್ಗದ ರಬ್ಬರ್ ಸಿಗುತ್ತದೆ, ಆದರೆ ಚಳಿಯಲ್ಲಿ ಬಿರುಸಾಗುತ್ತದೆ. ಈ ಹದ ಹಿಡಿದು ಮಾಡಿದ ಸೀಲಿನಲ್ಲಿ ಮೆತುತನಕ್ಕೆಂದು ಬೆರೆಸಿದ ದ್ರವ ಬಿಸಿಗೆ ನಿಧಾನವಾಗಿ ಹೊರಟುಹೋಗುತ್ತದೆ. ಉಳಿದ ಅಣು ಸರಪಳಿಗಳ ನಡುವೆ ಬಿಸಿಗೆ ಹೊಸ ಕೊಂಡಿಗಳು ಬೀಳುತ್ತಾ ಹೋಗುತ್ತವೆ, ರಬ್ಬರು ಗಡುಸಾಗುತ್ತದೆ. ಸ್ಟೀರಿಂಗನ್ನು ಒಂದು ಕೊನೆಗೆ ಎಳೆದು ಹಾಗೇ ಹಿಡಿದುಕೊಂಡಿರಬೇಡಿ ಎನ್ನುವುದು ಇದಕ್ಕೇ. ಆಗ ಅತಿಯಾದ ಒತ್ತಡವನ್ನು ಹೊರಬಿಡುವ ಪಂಪಿನ ರಿಲೀಫ್ ವಾಲ್ವ್ ತೆರೆದು, ಪಂಪಿಗೆ ಎಂಜಿನ್ ಕೊಡುವ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೇ ಹೋಗುತ್ತದೆ.

ಲೀಕ್ ಸ್ಟಾಪ್ ಬಾಟಲಿಯ ಮರ್ಮವೂ ಇಲ್ಲೇ ಇದೆ. ಹೊರಟುಹೋದ ಮೆತುಕಾರಕದ ಜಾಗಕ್ಕೆ ಅಂಥದ್ದೇ ಇನ್ನೊಂದನ್ನು ತುಂಬಿ ಅದು ರಬ್ಬರನ್ನು ಊದಿಸುತ್ತದೆ. ಬರೀ ಗಡುಸಾದ ಸೀಲಾದರೆ ಕೆಲಕಾಲ ಸೋರಿಕೆ ನಿಂತೀತು. ಅದನ್ನು ಸುಳ್ಳೆನ್ನಲಾರೆ. ಆದರೆ ಆ ದ್ರವಕ್ಕೆ ಕೆಟ್ಟ ಸೀಲು ಯಾವುದು, ಒಳ್ಳೆಯದು ಯಾವುದು ಎಂಬ ವಿವೇಕವಿಲ್ಲ. ಪಂಪಿನದು, ಹೋಸ್ ಪೈಪಿನದು, ಎಲ್ಲವೂ ಊದುತ್ತವೆ. ಹರಿದ ಸೀಲಿಗೆ ಅದರಿಂದ ಏನೂ ಆಗದು. ಇನ್ನು ಬ್ರೇಕ್ ಆಯಿಲ್ ಸುರಿಯುವ ಮಹಾನುಭಾವರಿದ್ದಾರೆ. ಬ್ರೇಕ್ ಎಣ್ಣೆ ಸಾಮಾನ್ಯವಾಗಿ ಗ್ಲೈಕಾಲ್ ವರ್ಗದ್ದು, ಅದಕ್ಕೊಪ್ಪುವ ರಬ್ಬರೇ ಬೇರೆ. ನೈಟ್ರೈಲ್ ಸೀಲುಗಳನ್ನು ಅದು ಕೆಡಿಸುತ್ತದೆ. ಬ್ರೇಕಿನ ಡಬ್ಬಿಗೆ ಸ್ಟೀರಿಂಗ್ ಎಣ್ಣೆ ಹೋದರೆ ಇನ್ನೂ ಅಪಾಯ.

ಶೆಟ್ಟರ ರ‍್ಯಾಕಿಗೆ ಬರೋಣ. ಬೂಟು ಪೂರ್ತಿ ಸರಿಸಿದ ಮೇಲೆ ಮೇಲ್ಬದಿಯ ಒಂದು ಮಡಿಕೆಯಲ್ಲಿ ಉಗುರುದ್ದದ ಸೀಳು ಕಂಡಿತು. ಅದರ ನೇರಕ್ಕೆ ದಂಡದ ಮೇಲೆ ಕಂದು ಚುಕ್ಕೆಗಳು. ಮೇಸ್ತ್ರಿ ಅಲ್ಲಿ ಉಗುರು ಎಳೆದ, ಉಗುರು ಎಡವಿತು. ತನಿಖೆ ಅಲ್ಲಿಗೆ ಮುಗಿಯಿತು. ದಂಡದ ನುಣುಪು ಮೈಕ್ರಾನಿನ ಲೆಕ್ಕದ್ದು. ಉಗುರಿಗೆ ತಾಗುವ ಗುಳಿಯ ಅಂಚು ಸೀಲಿನ ತುಟಿಗೆ ಗರಗಸ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಅದು ತುಟಿಯನ್ನು ಒಂದಿಷ್ಟು ಹೆರೆಯುತ್ತದೆ, ಗುಳಿಯಲ್ಲಿ ನಿಂತ ಕೆಸರು ಒಳಗೆ ಹೋಗುತ್ತದೆ. ಇಲ್ಲಿ ಹೊಸ ಸೀಲ್ ಹಾಕಿದರೆ ಅದರ ಗತಿಯೂ ಅಷ್ಟೇ.

ಮುಂಬೈಯ ಮಳೆಗಾಲ ಈ ಸೀಳಿಗೆ ಹೇಳಿ ಮಾಡಿಸಿದ್ದು. ಸಮುದ್ರದ ಉಪ್ಪುಗಾಳಿ, ಗುಂಡಿಗಳ ಕೆಸರು, ಸಾಯನ್ ಕುರ್ಲಾಗಳ ತಗ್ಗಿನಲ್ಲಿ ಚಕ್ರದರ್ಧ ನಿಲ್ಲುವ ನೀರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಿತ್ತು. ಅಂಥ ದಿನ ಬೇಕೂ ಇಲ್ಲ, ಮಾಮೂಲಿ ಜುಲೈ ಸಾಕು. ಇಡೀ ಜೋಡಣೆಯಲ್ಲಿ ಅಗ್ಗದ ವಸ್ತುವೆಂದರೆ ಆ ಬೂಟು. ಅದನ್ನು ಬದಲಿಸದೆ ಬಿಟ್ಟದ್ದಕ್ಕೆ ತೆರುವುದು ಇಡೀ ರ‍್ಯಾಕನ್ನು. ಮಳೆ ಮುಗಿದ ಮೇಲೆ ಆಯುಧಪೂಜೆ ಬರುತ್ತದೆ, ಚಕ್ರದಡಿ ನಿಂಬೆಹಣ್ಣಿಡಲು ಹೇಗೂ ಬಗ್ಗುತ್ತೇವೆ. ಬಗ್ಗಿದವರು ಮೊಬೈಲಿನ ಟಾರ್ಚ್ ಹಾಕಿ ಬೂಟಿನ ಮಡಿಕೆಗಳನ್ನು ಬಿಡಿಸಿ ನೋಡಿದರೆ ದೇವರೇನೂ ಕೋಪಿಸಿಕೊಳ್ಳುವುದಿಲ್ಲ.

ಸೋರಿಕೆ ಪವರ್ ಸ್ಟೀರಿಂಗಿನ ಹುಟ್ಟಿನಿಂದಲೇ ಬಂದದ್ದು ಎನ್ನುವುದು ಇಲ್ಲಿ ಹೇಳಲೇಬೇಕು. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಪಿಯರ್ಸ್-ಆ್ಯರೋ ಕಂಪನಿಯಲ್ಲಿ ಎಂಜಿನಿಯರಾಗಿದ್ದವನು. ಆಗಿನ ಹೈಡ್ರಾಲಿಕ್ ಯಂತ್ರಗಳು ವಾಲ್ವ್ ಮುಚ್ಚಿಟ್ಟು ಸದಾ ಒತ್ತಡ ಹಿಡಿದುಕೊಂಡು ಕಾಯುತ್ತಿದ್ದವು, ಸಂದುಸಂದಿನಲ್ಲೂ ಎಣ್ಣೆ ಜಿನುಗುತ್ತಿತ್ತು. ಡೇವಿಸ್ ಅದನ್ನು ತಿರುಗಿಸಿ ಹಾಕಿದ: ವಾಲ್ವ್ ತೆರೆದೇ ಇರಲಿ, ಎಣ್ಣೆ ಸುಮ್ಮನೆ ಸುತ್ತುತ್ತಿರಲಿ, ಚಾಲಕ ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಮುಚ್ಚಿ ಒತ್ತಡ ಏರಲಿ. 1926ರಲ್ಲಿ ಓಡಿಸಿ ತೋರಿಸಿದ. ದುಬಾರಿಯೆಂದು ಕಾರು ಕಂಪನಿಗಳು ಹಿಂದೇಟು ಹಾಕಿದವು. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ಲಿನಲ್ಲಿ. ನಮ್ಮ ಕಪ್ಪು-ಹಳದಿಯ ‘ಕಾಲಿ-ಪೀಲಿ’ ಪದ್ಮಿನಿ ಟ್ಯಾಕ್ಸಿಗಳಂತೂ 2023ರಲ್ಲಿ ಮುಂಬೈ ರಸ್ತೆ ಬಿಡುವ ತನಕ ಚಾಲಕರ ರಟ್ಟೆಯ ಬಲದಲ್ಲೇ ತಿರುಗಿದವು.

ಡೇವಿಸನ ಆ ವಾಲ್ವ್ ಎಣ್ಣೆಯಿಂದ ನಡೆಯುವ ರ‍್ಯಾಕಿನಲ್ಲಿ ಸ್ಟೀರಿಂಗ್ ಕಂಬದ ಬುಡದಲ್ಲಿದೆ. ಒಳಗೊಂದು ಸಪೂರ ಉಕ್ಕಿನ ಸರಳು, ನೀವು ಸ್ಟೀರಿಂಗ್ ತಿರುಗಿಸಿದಾಗ ಕೆಲವೇ ಡಿಗ್ರಿ ಹುರಿಗೊಂಡು, ಎಣ್ಣೆ ಸುಮ್ಮನೆ ಡಬ್ಬಿಗೆ ಮರಳುವ ದಾರಿ ಕಿರಿದು ಮಾಡಿ ಒತ್ತಡವನ್ನು ಪಿಸ್ಟನ್ನಿನ ಒಂದು ಬದಿಗೆ ತಿರುಗಿಸುತ್ತದೆ. ವಾಲ್ವಿನ ಸುತ್ತ ಟೆಫ್ಲಾನ್ ಉಂಗುರಗಳು. ಅವು ಸವೆದರೆ ಹೊರಗೆ ಒಂದು ಹನಿಯೂ ಬೀಳದು, ಎಣ್ಣೆ ಒಳಗೊಳಗೇ ಅಡ್ಡದಾರಿ ಹಿಡಿಯುತ್ತದೆ, ಸ್ಟೀರಿಂಗ್ ಮಾತ್ರ ಭಾರವಾಗುತ್ತದೆ. ಡಬ್ಬಿ ತುಂಬಿದ್ದರೂ ಬೆಲ್ಟ್ ಸರಿಯಿದ್ದರೂ ಬೆಳಗಿನ ಹೊತ್ತು ಗಟ್ಟಿಯೆನಿಸಿದರೆ ಇದನ್ನೂ ಅನುಮಾನಿಸಬೇಕು.

ಹಾಗಾದರೆ ರಿಪೇರಿಯೋ ಬದಲಾವಣೆಯೋ? ಉಗುರು ಎಡವದ ದಂಡವಾದರೆ ಸೀಲ್ ಕಿಟ್ ಸಾಕು, ಕೈ ಪಳಗಿದ ಮೇಸ್ತ್ರಿ ಸಿಗಬೇಕು. ಹಲ್ಲುಗಳಿರುವ ಭಾಗ ಹೊಸ ಸೀಲಿನ ಮೂಲಕ ಹಾಯುವಾಗ ಅದರ ತುಟಿ ಸೀಳುವುದುಂಟು. ಬಲ್ಲವರು ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ದಾಟಿಸುತ್ತಾರೆ. ಟೆಫ್ಲಾನ್ ಉಂಗುರವನ್ನು ಹಿಗ್ಗಿಸಿ ಕೂರಿಸಿದ ಮೇಲೆ ಮತ್ತೆ ಅಳತೆಗೆ ಕುಗ್ಗಿಸಬೇಕು. ಇವನ್ನು ಮಾಡದೆ “ಕಿಟ್ ಹಾಕಿದೆ” ಎನ್ನುವ ಕಡೆ ವರ್ಷ ಕಳೆಯುವ ಮೊದಲೇ ಮತ್ತೆ ಹೋಗಬೇಕಾಗುತ್ತದೆ. ಗುಳಿಬಿದ್ದ ದಂಡಕ್ಕೆ ಕ್ರೋಮ್ ಲೇಪಿಸಿ ಅರೆಯುವವರಿದ್ದಾರೆ, ಆದರೆ ಸಾಮಾನ್ಯ ಕಾರಿಗೆ ಬೇರೆ ರ‍್ಯಾಕೇ ವಾಸಿ. ಶೆಟ್ಟರು ಅದನ್ನೇ ಮಾಡಿದರು, ಒಂದಿಷ್ಟು ಗೊಣಗಿ.

ರ‍್ಯಾಕ್ ಬಿಚ್ಚುವಾಗ ಸ್ಟೀರಿಂಗ್ ಚಕ್ರವನ್ನು ನೇರ ನಿಲ್ಲಿಸಿ ಸೀಟ್ ಬೆಲ್ಟಿನಿಂದಲೋ ಹಗ್ಗದಿಂದಲೋ ಕಟ್ಟಿಡಲು ಹೇಳಿ. ಕಂಬ ಬಿಡಿಸಿಕೊಂಡ ಮೇಲೆ ಯಾರಾದರೂ ಅದನ್ನು ಗಿರಗಿರ ತಿರುಗಿಸಿದರೆ ಏರ್‌ಬ್ಯಾಗಿನ ತಂತಿಪಟ್ಟಿ ಒಳಗೇ ತುಂಡಾಗುತ್ತದೆ, ಅದು ಬೇರೆ ಖರ್ಚು. ದಂಡವನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ತುದಿ ಎಷ್ಟು ಸುತ್ತಿಗೆ ಬಿಚ್ಚಿತು ಎಂದು ಎಣಿಸಿಟ್ಟುಕೊಂಡರೆ ಅಲೈನ್‌ಮೆಂಟ್ ಅಂಗಡಿ ತನಕವಾದರೂ ಗಾಡಿ ನೆಟ್ಟಗೆ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಪಂಪನ್ನು. ಎಣ್ಣೆ ಕಡಿಮೆಯಾದ ದಿನಗಳಲ್ಲಿ ಗುಂಯ್ ಎಂದದ್ದು ಅದೇ. ಎಣ್ಣೆಯೊಂದಿಗೆ ಗಾಳಿ ಎಳೆದುಕೊಂಡು ಲೋಹಕ್ಕೆ ಲೋಹ ಉಜ್ಜಿಕೊಳ್ಳುತ್ತಿತ್ತು. ಆ ಪುಡಿ ಪೈಪುಗಳಲ್ಲಿ ಕೂತಿರುತ್ತದೆ. ತೊಳೆಯದೆ ಹೊಸ ರ‍್ಯಾಕ್ ಜೋಡಿಸಿದರೆ ಅದು ನೇರ ಹೊಸ ಸೀಲಿಗೇ ಹೋಗಿ ಸೇರುತ್ತದೆ. ವಾಪಸ್ ಬರುವ ಪೈಪನ್ನು ಬಾಟಲಿಗೆ ಬಿಟ್ಟು, ಕೆಂಪು ಎಣ್ಣೆಯೋ ಕಂಪನಿ ಹೇಳಿದ ಬೇರೆ ಎಣ್ಣೆಯೋ, ಸ್ವಚ್ಛವಾಗಿ ಬರುವ ತನಕ ಹಳೆಯದನ್ನು ಹರಿಸಬೇಕು. ಆಮೇಲೆ ಮುಂದಿನ ಚಕ್ರಗಳನ್ನು ಎತ್ತಿ, ಎಂಜಿನ್ ಚಾಲೂ ಮಾಡದೆ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿಸುತ್ತಾ ಡಬ್ಬಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಎಣ್ಣೆ ತುಂಬುತ್ತಾ ಹೋಗಬೇಕು. ನೊರೆನೊರೆಯಾಗಿದ್ದರೆ ಎಂಜಿನ್ ಹಾಕದೆ ಒಂದು ಗಂಟೆ ಬಿಟ್ಟುಬಿಡಿ, ಅಷ್ಟರಲ್ಲಿ ಎದುರಿನ ಉಡುಪಿ ಹೋಟೆಲಿನಲ್ಲಿ ಕಾಫಿ ಆಗುತ್ತದೆ.